ಬಾಳವ್ವನ ಮನೆಯ ಬೆಲ್ಲ

ಮೂಡಲಗಿಯ ಆ ಓಣಿಯಲ್ಲಿ ಬಾಳವ್ವನ ಕೈಯ ಉಂಡಿ ತಿನ್ನದವರು ಯಾರೂ ಇಲ್ಲ. ಬಾಣಂತಿಗೆ ಅಂಟಿನ ಉಂಡಿ, ಸಾಲೆಗೆ ಹೋಗುವ ಮಕ್ಕಳಿಗೆ ಶೇಂಗಾ ಉಂಡಿ, ಹಲ್ಲು ಬಿದ್ದ ಮುದುಕರಿಗೆ ಮೆತ್ತನೆಯ ಅಳ್ಳಿಟ್ಟು. ಯಾರಿಗೆ ಏನು ಬೇಕೆಂದು ಅವಳು ಕೇಳುತ್ತಿರಲಿಲ್ಲ, ನೋಡಿಯೇ ಹೇಳುತ್ತಿದ್ದಳು. ಹೇಳುವುದೆಲ್ಲಿ ಬಂತು, ಸೀದಾ ಬಾಯಿಗೇ ತುರುಕುತ್ತಿದ್ದಳು. ಅಂಗಡಿಯ ಚಿಪ್ಸಿನ ಪಾಕೀಟು ಹಿಡಿದು ಅವಳ ಕಟ್ಟೆಯ ಮುಂದೆ ಹಾಯುವ ಧೈರ್ಯ ಓಣಿಯ ಒಂದು ಮಗುವಿಗೂ ಇರಲಿಲ್ಲ.

"ಏನದು? ತಾ ಇಲ್ಲಿ. ಆರ ತಿಂಗಳಾದರೂ ಕೆಡದಿದ್ದದ್ದು ಹೊಟ್ಟ್ಯಾಗ ಹೋಗಿ ಏನ್ ಮಾಡತೈತಿ?" ಎಂದು ಪಾಕೀಟು ಕಸಿದು ಉಂಡಿ ಕೊಡುವಳು. ಮಕ್ಕಳು ಬೈಯುತ್ತಲೇ ತಿನ್ನುತ್ತಿದ್ದರು.

ದಡ್ಡಿ ಎಂಬ ಊರಿನಿಂದ ಸೊಸೆಯಾಗಿ ಬಂದು ನಲವತ್ತು ವರ್ಷ ಮೇಲಾಗಿತ್ತು. ಬಂದಾಗ ಗಂಡ ಸೋಮಪ್ಪ ಗಾಳಿ ಬಂದರೆ ಹಾರುವಂತಿದ್ದ. ಅವನ ಮೈಗೆ ಇಷ್ಟು ಮಾಂಸ ಹತ್ತಿಸಿದ್ದು ನನ್ನ ಉಂಡಿ ಎಂಬ ಜಂಬ ಅವಳಿಗೆ ಇವತ್ತಿಗೂ ಇತ್ತು.

ಎರಡು ವರ್ಷದ ಹಿಂದೆ ಅವನಿಗೆ ಶುಗರ್ ಇದೆ ಎಂದು ಗೊತ್ತಾದ ದಿನವೇ ಬಾಳವ್ವ ಸಕ್ಕರೆ ಡಬ್ಬಿಯನ್ನು ಮನೆಯಿಂದ ಹೊರಗೆ ಹಾಕಿದಳು. ಚಹಾಕ್ಕೂ ಬೆಲ್ಲ ಬಂತು. ತಮ್ಮದೇ ಹೊಲದ ಕಬ್ಬು, ಪುಡಿಗಿಡಿ ಏನೂ ಹಾಕದೆ ಕಣ್ಣೆದುರೇ ಕುದಿಸಿದ ಕಪ್ಪು ಬೆಲ್ಲ. ಆ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಅದನ್ನು ಯಾರೂ ಸಿಹಿ ತಿಂದೆವು ಎನ್ನುವುದಿಲ್ಲ, ನೀರು ಕುಡಿದೆವು ಎನ್ನುತ್ತಾರೆ. ಬಾಳವ್ವನೂ ಹಾಗೇ ತಿಳಿದಿದ್ದಳು.

ಸೊಸೆ ಶೋಭಾ ಒಮ್ಮೆ ಮೆಲ್ಲಗೆ, "ಅತ್ತೀ, ಶುಗರಿಗೆ ಬೆಲ್ಲಾನೂ ಅಷ್ಟ ಅಂತರಿ," ಅಂದಿದ್ದಳು.

"ಹೊಲದಾಗ ಬೆಳದದ್ದು ಹೊಲದಾಂವಗ ಕೆಟ್ಟದ್ದ ಮಾಡತೈತೇನು?" ಎಂದ ಬಾಳವ್ವ ಎರಡು ದಿನ ಮಾತು ಬಿಟ್ಟಳು. ಶೋಭಾ ಮತ್ತೆ ಆ ಸುದ್ದಿಗೆ ಹೋಗಲಿಲ್ಲ.

ಈ ವರ್ಷ ಕಬ್ಬು ಕಡಿದ ಮೇಲೆ ಹೊಲದಲ್ಲಿ ನಡೆಯುವಾಗ ಸೋಮಪ್ಪನ ಕಾಲಿನ ಹೆಬ್ಬೆರಳಿಗೆ ಕಬ್ಬಿನ ಕೂಳೆ ಚುಚ್ಚಿತು. ಅರಿಶಿನ ಹಚ್ಚಿದರು. ಎಂಟು ದಿನಕ್ಕೆ ಮಾಯಬೇಕಾದ ಗಾಯ ಹದಿನೈದು ದಿನಕ್ಕೂ ಮಾಯಲಿಲ್ಲ. ಬೆರಳ ಸುತ್ತ ಕಪ್ಪು ತಿರುಗಿತು. ಬಾಳವ್ವ ದಿನಕ್ಕೆ ನಾಲ್ಕು ಸಲ ಪಟ್ಟಿ ಬಿಚ್ಚಿ ನೋಡುವಳು. ಮೈಯಲ್ಲಿ ಶಕ್ತಿ ಇಲ್ಲ, ಅದಕ್ಕೇ ಗಾಯ ಕೂಡುತ್ತಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಅಂಟು, ಉತ್ತತ್ತಿ, ಒಣಕೊಬ್ಬರಿ, ತುಪ್ಪ ಹಾಕಿ, ಒಂದು ಪೆಂಟಿ ಬೆಲ್ಲ ಜಜ್ಜಿ ದೊಡ್ಡ ದೊಡ್ಡ ಉಂಡಿ ಕಟ್ಟಿದಳು. ಮುಂಜಾನೆ ಎರಡು, ಸಂಜೆ ಎರಡು. ಗಾಯ ಹೆಚ್ಚಾದಂತೆ ಉಂಡಿಯ ಗಾತ್ರವೂ ಹೆಚ್ಚಾಯಿತು. ಸೋಮಪ್ಪ ಒಂದು ಮಾತಾಡದೆ ತಿಂದ.

ಬೆರಳಿನಿಂದ ವಾಸನೆ ಬಂದ ದಿನ ಶೋಭಾ ಯಾರ ಮಾತೂ ಕೇಳದೆ ಅತ್ತೆ ಮಾವ ಇಬ್ಬರನ್ನೂ ಗೋಕಾಕದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರ್ ಹೆಂಗಸು ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದಿಟ್ಟಳು.

"ಹದಿನೈದು ದಿನದಾಗ ಶುಗರ್ ಇಳೀಲಿಲ್ಲಂದ್ರ ಬೆರಳು ತಗೀಬೇಕಾಗತೈತ್ರಿ. ಬೆರಳಿಗೇ ನಿಂತ್ರ ಪುಣ್ಯಾ. ಗುಳಗಿ ತಪ್ಪಿಸೀರೇನು?"

"ಇಲ್ರಿ," ಅಂದ ಸೋಮಪ್ಪ.

"ಮತ್ತ ಹೊಟ್ಟಿಗೆ ಏನ್ ತಿಂತೀರಿ?"

"ಹೊರಗಿಂದು ಏನೂ ಇಲ್ರಿ ಡಾಕ್ಟರ್ ಬಾಯಾರ," ಬಾಳವ್ವ ಮುಂದೆ ಬಂದಳು. "ಎರಡು ವರ್ಷಾತು, ನಮ್ಮ ಮನ್ಯಾಗ ಸಕ್ಕರಿ ಒಂದ ಕಾಳ ಸುದ್ದಾ ಇಲ್ಲ. ಚಾ ಬೆಲ್ಲದ್ದರಿ."

"ರಕ್ತಕ್ಕ ಬೆಲ್ಲ, ಸಕ್ಕರಿ ಎರಡೂ ಒಂದರಿ ತಾಯಿ. ಬೆಲ್ಲದ್ದು ಮತ್ತೇನರ ತಿಂತಾರೇನು?"

ಒಂದು ತಿಂಗಳಿನಿಂದ ಕಟ್ಟಿದ ಉಂಡಿಗಳೆಲ್ಲ ಬಾಳವ್ವನ ಕಣ್ಣ ಮುಂದೆ ಬಂದವು. ನಾನೇ, ನನ್ನ ಕೈಯಿಂದಲೇ.

ಅಷ್ಟರಲ್ಲಿ ಸೋಮಪ್ಪ ಬಾಯಿ ತೆರೆದ. "ಚಾ ಒಂದ ಬೆಲ್ಲದ್ದರಿ. ಕಳ್ಳ ನಾನರಿ. ಸಂಕೇಶ್ವರಕ್ಕ ಹೋದಾಗೆಲ್ಲ ಜಿಲೇಬಿ, ಪೇಡೆ ತಿಂತೇನಿ. ಪಾಪ, ಇಕಿಗೆ ಗೊತ್ತಿಲ್ಲ."

ಹೋಟೆಲಿನ ನೀರನ್ನೂ ಮುಟ್ಟದ ಮನುಷ್ಯ ಹೀಗೆ ಹೇಳಿದ. ಡಾಕ್ಟರ್ ಸಿಡುಕಿದಳು. "ಈ ವಯಸ್ಸಿನ್ಯಾಗ ಇದೇನ್ರಿ ಅಜ್ಜಾರ? ಹೊರಗಿಂದು ಬಂದ್ ಮಾಡ್ರಿ. ಚಾಕ್ಕ ಬೆಲ್ಲ ಬ್ಯಾಡ. ಮನ್ಯಾಗ ಉಳಿದದ್ದು ಹೆಂಗ ನಡದೈತಿ, ಹಂಗ ನಡೀಲಿ."

ಸುಮ್ಮನಿದ್ದರೆ ಆಗುತ್ತಿತ್ತು. ಪಕ್ಕಕ್ಕೆ ಸೊಸೆ ನಿಂತಿದ್ದಳು, ಎರಡು ದಿನ ಮಾತು ಬಿಟ್ಟಿದ್ದು ಯಾರ ಮೇಲೆ? ಅವಳ ಮುಂದೆಯೇ ತಪ್ಪು ನನ್ನದು ಅನ್ನುವುದೆಂದರೆ ಬಾಳವ್ವನಂಥವಳಿಗೆ ಸಾಯುವಷ್ಟು ಸಂಕಟ. ಆದರೆ ಉಂಡಿಯ ಲೆಕ್ಕ ಗೊತ್ತಿಲ್ಲದೆ ಡಾಕ್ಟರ್ ಚೀಟಿ ಬರೆದೇಬಿಟ್ಟರೆ ಔಷಧಿಯೇ ತಪ್ಪುತ್ತದೆ. ಬೆರಳು ಹೋಗುತ್ತದೆ, ಆಮೇಲೆ ಕಾಲು.

"ಸುಳ್ಳರಿ ಬಾಯಾರ!" ಬಾಳವ್ವ ಒಮ್ಮೆಲೇ ಕೂಗಿದಳು. "ಇವರು ಎಲ್ಲೂ ತಿಂದಿಲ್ಲ. ನಾನ ತಿನ್ನಿಸೇನ್ರಿ. ಬೆಲ್ಲದ ಉಂಡಿ, ದಿನಾ ನಾಕು. ಗಾಯ ಮಾಯಲಿ ಅಂತ... ಶೋಭಾ ಬ್ಯಾಡ ಅಂದಿದ್ಲು, ನಾ ಕೇಳಲಿಲ್ಲರಿ."

ಡಾಕ್ಟರ್ ಬರೆದದ್ದನ್ನು ಹೊಡೆದುಹಾಕಿ ಹೊಸ ಚೀಟಿ ತೆಗೆದಳು. ಶೋಭಾ ಅತ್ತೆಯ ರಟ್ಟೆ ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು.

ಹೊರಗೆ ಬಂದ ಮೇಲೆ ಶೋಭಾ ಔಷಧಿ ತರಲು ಹೋದಳು. ಗಂಡ ಹೆಂಡತಿ ಬೆಂಚಿನ ಮೇಲೆ ಕುಳಿತರು.

"ಯಾಕ ಸುಳ್ಳು ಹೇಳಿದ್ರಿ?" ಬಾಳವ್ವ ಕೇಳಿದಳು. "ನಿಮ್ಮ ಕಾಲ ಹೋದಿದ್ರ ನಾ ಏನ್ ಮಾಡ್ಬೇಕಿತ್ತು?"

"ನಾಕು ಮಂದ್ಯಾಗ ನಿನ್ನ ಹೆಂಗ ಹಿಡಕೊಡ್ಲಿ?"

"ತಿನ್ನಿಸಿದ್ದು ನಾನ ಅಲ್ಲೇನ್ರಿ?"

"ತಿನ್ನಿಸಿದಿ, ಖರೆ. ಶೋಭಾ ಅಂದಿದ್ದು ನನ್ನ ಕಿವಿಗೂ ಬಿದ್ದಿತ್ತು," ಅಂದ ಸೋಮಪ್ಪ. "ಬ್ಯಾಡ ಅಂದ್ರ ನೀ ಮಾರಿ ಸಣ್ಣದ ಮಾಡ್ತೀ. ಅದನ್ನ ನೋಡಾಕ ಆಗಾಂಗಿಲ್ಲ ಅಂತ ತಿಂದ್ನಿ."

ಬಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು, ಆಸ್ಪತ್ರೆಯ ಮಂದಿಯೆಲ್ಲ ನೋಡುವಂತೆ ಬಿಕ್ಕಿ ಬಿಕ್ಕಿ ಅತ್ತಳು.