ಉಗುರುಬಣ್ಣದ ಗೆರೆ

ನಮ್ಮಣ್ಣನ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರು ಇರಲಿಲ್ಲ. ಸ್ಪಾನರು ಜಾರಿ ಎಂದೋ ಕಿತ್ತುಹೋಗಿತ್ತು. ಅಂಥವನ ಅಂಗಿ ಜೇಬಿನಲ್ಲಿ ಸದಾ ಅತ್ತಿಗೆಯ ಕೆಂಪು ಉಗುರುಬಣ್ಣದ ಶೀಶೆ ಇರುತ್ತಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ತಾರಸಿಗಳ ಮೇಲೆ ಸೋಲಾರ್ ಪ್ಯಾನೆಲ್‌ಗಳಿಗೆ ಕಬ್ಬಿಣದ ಸ್ಟ್ಯಾಂಡ್ ಕೂರಿಸುವುದು ಅವನ ಕೆಲಸ, ನಾನು ಜೊತೆಗಾರ. ನಟ್ಟು ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಗಾಳಿಗೆ ನಟ್ಟು ತುಸು ತಿರುಗಿದರೂ ಗೆರೆ ಮುರಿದು ಕಾಣುತ್ತಿತ್ತು.

ಮದ್ದೂರು ಕಡೆಯ ಕೊಪ್ಪದಲ್ಲಿ ಮನೆಯವರೊಬ್ಬರು ಕೆಂಪು ಬಣ್ಣ ಕಂಡು ನಕ್ಕರು: "ಏನ್ಲಾ, ಪ್ಯಾನಲ್‌ಗೆ ಮದ್ವೆ ಮಾಡ್ತಿದ್ದೀಯಾ?"

"ಊಂ ಕಣಣ್ಣ, ಗಾಳಿ ಎತ್ತಾಕಂಡು ಓಗ್ಬಾರ್ದಲ್ಲ."

ಮಳೆಗಾಲಕ್ಕೆ ಮುಂಚೆ ತಾನು ಹಾಕಿದ ಸ್ಟ್ಯಾಂಡುಗಳನ್ನೆಲ್ಲ ಪುಕ್ಕಟೆ ನೋಡಿ ಬರುತ್ತಿದ್ದ. ತುಕ್ಕು ಕಂಡರೆ ಉಜ್ಜಿ ಬಣ್ಣ ಬಳಿಯುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಗುತ್ತಲಿನ ಮೂರಂತಸ್ತಿನ ಮನೆಯಲ್ಲಿ, ಮನೆಯವರ ಮುಂದೆಯೇ ಶೀಶೆಯನ್ನು ನನ್ನ ಕೈಗಿಟ್ಟು, "ಏಳ್ನೇ ಕ್ಲಾಸ್ಗೇ ಇಸ್ಕೂಲ್ ಬುಟ್ಟೋನು, ಗೆರೆನಾದ್ರೂ ನೆಟ್ಗೆ ಎಳೀಲಾ" ಅಂದ. ಅವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ಸಾಲಿನಲ್ಲಿ ಪ್ಯಾನೆಲ್ ಹಿಡಿದಿಡುವ ಕ್ಲಾಂಪುಗಳ ನಟ್ಟುಗಳನ್ನು ಬರೀ ಬೆರಳಲ್ಲಿ ತಿರುಗಿಸಿ, ಗೆರೆ ನೆಟ್ಟಗೆ ಎಳೆದೆ. ಸ್ಪಾನರು ಮುಟ್ಟಲಿಲ್ಲ. ಗೆರೆ ತಾನೆ ಬೇಕಿದ್ದದ್ದು ಅವನಿಗೆ!

ಎರಡನೇ ದಿನ ಸಂಜೆ ಗಾಳಿ ಎದ್ದಿತು. ಪ್ಯಾನೆಲ್ ಬಡಿದುಕೊಳ್ಳುತ್ತಿದೆ ಎಂದು ಆ ಮನೆಯಿಂದ ಫೋನು. ಇಬ್ಬರೂ ಓಡಿದೆವು. ಅಣ್ಣ ಬಗ್ಗಿ ಗೆರೆಗಳನ್ನು ನೋಡಿದ.

"ಎಲ್ಲಾ ಸರ್ಯಾಗವೆ ಕಣ್ಲಾ. ಮತ್ತೆಲ್ಲಿಂದ ಬತ್ತದೆ ಸದ್ದು?"

ಹಿಂದಿನ ಸಾಲಿನ ಆಚೆ, ಮೋಟುಗೋಡೆಯ ಪಕ್ಕಕ್ಕೆ ಹೋದ. "ಬಿಗಿದಿಲ್ಲ ಕಣಣ್ಣ, ಈಚೆಗೆ ಬಾ" ಅನ್ನಬೇಕಿತ್ತು ನಾನು. ಬೈಸಿಕೊಳ್ಳುತ್ತೀನಲ್ಲ ಅಂತ ಬಾಯಿ ಬಿಡಲಿಲ್ಲ. ಗಾಳಿ ಕೆಳಗಿನಿಂದ ನುಗ್ಗಿ ಪ್ಯಾನೆಲ್ ಕಿತ್ತು ಅವನ ಎದೆಗೆ ಬಡಿಯಿತು. ಅಲ್ಲಿಂದ ಬೀದಿಗೆ ಬಿದ್ದ. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟ.

ತಿಥಿಯ ಊಟಕ್ಕೆ ಬಂದವರು ಉಣ್ಣುತ್ತಲೇ, "ಅವ್ನೇ ಸರ್ಯಾಗಿ ಬಿಗ್ದಿರ್ನಿಲ್ಲ ಬುಡು, ಯಾರ್ನ ಏನಂತ ಅನ್ನದು" ಅಂದರು. ಅವರ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಯಾವ ಮುಖ ಇಟ್ಟುಕೊಂಡು ಹಿಡಿಯಲಿ?

ಬಡಿಸುತ್ತಿದ್ದ ಅತ್ತಿಗೆ ಸೌಟು ಹಿಡಿದು ನನ್ನ ಎದುರು ನಿಂತಳು. "ನೀನಾರಾ ಯೋಳಪ್ಪ, ನಿಮ್ಮಣ್ಣ ಅಂಗೆ ಬುಡೋರಾ?"

ನಾನು ಎಲೆ ಮಡಚಿ ಎದ್ದುಹೋದೆ. ಥೂ!

ಈಗ ಅವನು ಹಾಕಿದ ಸ್ಟ್ಯಾಂಡುಗಳನ್ನು ಜನ ನಂಬದೆ ಬಿಚ್ಚಿಸುತ್ತಿದ್ದಾರಂತೆ. ಬಿಚ್ಚಬೇಡಿ. ಅವನು ಬಿಗಿದದ್ದು ಅಲ್ಲಾಡುವುದಿಲ್ಲ.

ಅತ್ತಿಗೆ, ಅಣ್ಣ ಹಾಗೆ ಬಿಡುವವನಲ್ಲ. ಬಿಟ್ಟವನು ನಾನು.