ಗಾಡಿಮನೆಯ ಉಡಿ

ಭಟ್ಕಳದ ವರ್ಕ್‌ಶಾಪಿನಿಂದ ನಮ್ಮ ಗಾಡಿಮನೆ ಹೊರಟಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಎರಡು ಚಕ್ರದ ಮೇಲೆ ಮಂಚ, ಒಲೆ ಎಲ್ಲ ಇರುವ ಟ್ರೇಲರ್ ಅದು, ಜೀಪಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಅಂದು ತದಡಿಗೆ ಹೋಗಿ ಅಘನಾಶಿನಿಯ ದಡದಲ್ಲಿ ಅದರೊಳಗೆ ಮಲಗಬೇಕೆಂಬುದು ನನ್ನ ಎಷ್ಟೋ ದಿನದ ಆಸೆ. ಯಜಮಾನರದು ಒಂದೇ ಷರತ್ತು: "ದಾರೀಲಿ ಓಲಾಡ್ತು ಅಂದ್ರೆ ತಿರುಗ್ಸಿ ಮನೆಗೆ ತಂದು ಕೋಳಿಗೂಡು ಮಾಡ್ತೆ, ನೋಡು."

ಟ್ರೇಲರ್ ಕಟ್ಟಿದೊಡನೆ ಜೀಪಿನ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತಿತ್ತು. ಭಾರವನ್ನು ಮುಂದಿನ ಗಾಲಿಗಳಿಗೂ ಹಂಚುವ ಉಕ್ಕಿನ ಸಲಾಕೆಗಳಷ್ಟೇ ಸಾಕೆಂದು ಇವರು. ಅತ್ತಿತ್ತ ಓಲಾಡದಂತೆ ಬಿಗಿಹಿಡಿಯುವ ಕಂಬಿಯೂ ಬೇಕೆಂದು ನಾನು. ಗೆದ್ದದ್ದು ನಾನೇ. ಎರಡನ್ನೂ ಕೂರಿಸಿದ ವರ್ಕ್‌ಶಾಪಿನ ಅಸ್ಲಂ ಸಾಹೇಬರು, "ಅಕ್ಕಾ, ಇದು ಮಂತ್ರ ಅಲ್ಲ. ಸಾಮಾನೆಲ್ಲ ಹಿಂದೆ ಒಟ್ಟಿದ್ರೆ ಇವೆರಡೂ ಎಂತ ಮಾಡೂದಿಲ್ಲ" ಎಂದರು. ಹೂಂಗುಟ್ಟಿ ಹೊರಟೆವು.

ಮುರ್ಡೇಶ್ವರ ದಾಟಿದರೂ ಹಿಂದೊಂದು ಮನೆ ಬರುತ್ತಿದೆಯೆಂದು ಗೊತ್ತೇ ಆಗಲಿಲ್ಲ. ಬಸ್ಸಿನವರೆಲ್ಲ ಕಿಟಕಿಗೆ ಬಂದು ನೋಡುತ್ತಿದ್ದರು. ನನಗೋ ದಿಬ್ಬಣದ ಗಾಡಿಯಲ್ಲಿ ಮುಂದೆ ಕೂತಷ್ಟು ಬಿಂಕ!

ಮಂಕಿಯಲ್ಲಿ ನನ್ನ ಅಕ್ಕನ ಮನೆ. ತೆಳ್ಳಗಿನ ದೋಸೆ, ಬೆಲ್ಲ ತಿಂದು ಎದ್ದಾಗ ಅಕ್ಕ ನನಗೆ ಉಡಿ ತುಂಬಿದಳು. ಅಕ್ಕಿ, ಕಾಯಿ ಸೆರಗಿಗೆ ಬಂತು. "ಇದೂ ಹೊಸ ಮನೆ ಅಲ್ವನೇ? ಖಾಲಿ ಕಳ್ಸೂಕೆ ಆತದ್ಯಾ?" ಎಂದು ಗಾಡಿಮನೆಗೂ ಒಂದು ಮೂಟೆ ತೆಂಗಿನಕಾಯಿ, ಒಂದು ಮೂಟೆ ಅಕ್ಕಿ ಕೊಟ್ಟಳು. ಅದರ ಬಾಗಿಲಿರುವುದು ಹಿಂಬದಿಗೆ. ಬಾಗಿಲ ಬುಡದಲ್ಲೇ ಇಟ್ಟೆವು. ಅಕ್ಕ ಕೊಟ್ಟ ಉಡಿಯನ್ನು ಯಾರು ತಾನೇ ಭಾರವೆಂದು ಎಣಿಸುತ್ತಾರೆ?

ಕಾಸರಕೋಡ ಬರುವಷ್ಟರಲ್ಲಿ ಲಾರಿಯೊಂದು ರೊಯ್ಯನೆ ಹಿಂದಿಕ್ಕಿತು. ಗಾಡಿಮನೆ ಎಡಕ್ಕೂ ಬಲಕ್ಕೂ ಬಾಲ ಬೀಸತೊಡಗಿತು, ಜೀಪೂ ಜಗ್ಗಿತು. ಇವರು ಬ್ರೇಕು ತುಳಿಯದೆ, ಮೆಲ್ಲಗೆ ವೇಗ ಇಳಿಸಿ ಬದಿಗೆ ನಿಲ್ಲಿಸಿದರು. ಮುಂದೆ ಶರಾವತಿಯ ಉದ್ದ ಸೇತುವೆ.

"ಆತು. ಕೋಳಿಗೂಡೇ ಗತಿ" ಎಂದರು.

ನನಗೆ ಅಳುವೇ ಬಂತು. ಇಳಿಯಲು ಹೋದರೆ ಮಡಿಲ ಕಾಯಿ ಅಡ್ಡ ಬಂತು. ಅದನ್ನು ನೋಡಿದೆ. ಸಾಹೇಬರ ಮಾತು ಥಟ್ಟನೆ ನೆನಪಾಯಿತು.

"ರೀ, ಉಡಿ ಯಾರಾದ್ರೂ ಬೆನ್ನಿಗೆ ಕಟ್ತಾರ್ಯಾ?"

ಇವರು ನನ್ನ ಮಡಿಲು ನೋಡಿದರು, ಹಿಂದಿನ ಬಾಗಿಲು ನೋಡಿದರು, ಹೊಟ್ಟೆ ಹಿಡಿದು ನಕ್ಕರು. ಇಬ್ಬರೂ ಸೇರಿ ಮೂಟೆಗಳನ್ನು ಗಾಲಿಗಿಂತ ಮುಂದಕ್ಕೆ ಎಳೆದೆವು. ಈಗ ಜೀಪಿನ ಮೇಲೆ ಭಾರ ಹೆಚ್ಚಿತಲ್ಲ, ಸಲಾಕೆಗಳನ್ನು ಎಳೆದು ಹಿಡಿಯುವ ಸರಪಳಿಯನ್ನು ಇನ್ನೊಂದು ಕೊಂಡಿ ಬಿಗಿ ಮಾಡಿದರು. "ಸೇತುವೆ ದಾಟೂ ತನಕ ನೋಡ್ವ" ಎಂದರು.

ಸೇತುವೆಯ ಮೇಲೆ ಕಡಲ ಗಾಳಿ ಬೀಸುತ್ತಿತ್ತು. ಮತ್ತೊಂದು ಲಾರಿ ಪಕ್ಕದಲ್ಲೇ ಹಾದುಹೋಯಿತು. ನಾನು ಕಾಯಿಯನ್ನು ಅವುಚಿಕೊಂಡು ಕನ್ನಡಿಯನ್ನೇ ನೋಡುತ್ತಿದ್ದೆ. ನಮ್ಮ ಮನೆ ಅಲುಗಲಿಲ್ಲ! ಹೊನ್ನಾವರ ಬಂತು, ಕುಮಟಾ ಬಂತು; ಇವರು ಷರತ್ತಿನ ಸುದ್ದಿಯನ್ನೇ ಎತ್ತಲಿಲ್ಲ.

ಹಿರೇಗುತ್ತಿ ದಾಟಿ ತದಡಿ ತಲುಪಿದಾಗ ದೋಣಿಗಳು ದಡಕ್ಕೆ ಬರುತ್ತಿದ್ದವು. ಇವರು ಇಳಿದು, ಗಾಡಿಮನೆಗೆ ಒಂದು ಸುತ್ತು ಬಂದು, ಅದರ ಬೆನ್ನು ತಟ್ಟಿದರು.

"ಕೋಳಿಗೆ ಬೇರೆ ಗೂಡು ಕಟ್ಬೇಕಾತು, ಮಾರಾಯ್ತಿ."