ಮಡಚಿಟ್ಟ ಚಾಕು

ಕಳೆದ ಭಾನುವಾರ, ಮಧ್ಯಾಹ್ನ. ಸುಂಟಿಕೊಪ್ಪದಲ್ಲಿ ಸಹೋದ್ಯೋಗಿ ಶಶಿಯ ಮನೆಯಲ್ಲಿ ಊಟ. ವಾಪಸ್ ಬರುವಾಗ ನನ್ನ ಬ್ಯಾಗಿನಲ್ಲಿ ಒಂದು ಚಾಕು ಹೆಚ್ಚಿಗೆ ಇತ್ತು.

ಅದನ್ನು ಶಶಿಯ ಅಪ್ಪ ಕೊಟ್ಟರೋ, ನಾನೇ ಎತ್ತಿಕೊಂಡು ಬಂದೆನೋ... ಇವತ್ತು ಗುರುವಾರ, ಇನ್ನೂ ಗೊತ್ತಾಗುತ್ತಿಲ್ಲ.

ಹಳೆಯ ಮಡಚುವ ಚಾಕುಗಳನ್ನು ಕೂಡಿಡುವುದು ನನ್ನ ಅಭ್ಯಾಸ. ಕೊಂಬಿನ ಹಿಡಿಯವು, ಮರದ ಹಿಡಿಯವು, ಒಂದು ಕಾಲದಲ್ಲಿ ಸಂತೆಗಳಲ್ಲಿ ಸಿಗುತ್ತಿದ್ದಂಥವು. ವಿರಾಜಪೇಟೆಯ ಒಂದು ಪಾತ್ರೆ ಅಂಗಡಿಯ ಮೂಲೆಯಲ್ಲಿ ಸಿಕ್ಕಿದ ಸಣ್ಣದೊಂದು ದಿನವೂ ನನ್ನ ಬ್ಯಾಗಿನಲ್ಲಿರುತ್ತದೆ.

ಸೀಬೆಕಾಯಿ ಹೆಚ್ಚಲು, ಪುಸ್ತಕದ ಪಾರ್ಸೆಲ್ ಬಿಚ್ಚಲು, ಎಲ್ಲಕ್ಕಿಂತ ಹೆಚ್ಚಾಗಿ ಪೆನ್ಸಿಲ್ ಕೆತ್ತಲು. ಅನುವಾದದ ಕಾದಂಬರಿಗಳನ್ನು ನಾನು ಪೆನ್ಸಿಲ್ ಹಿಡಿದೇ ಓದುವುದು.

ಆಫೀಸಿನಲ್ಲಿ ಇದೊಂದು ತಮಾಷೆ. "ಮೇಡಂ ಹತ್ರ ರಜೆ ಕೇಳುವಾಗ ಸ್ವಲ್ಪ ದೂರ ನಿಂತ್ಕೊಳ್ಳಿ" ಅನ್ನುತ್ತಾರೆ.

ಶಶಿಯ ಅಪ್ಪ ಭೋಜಪ್ಪ ಅಂಕಲ್ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದವರು. ಮಾತು ಕಡಿಮೆ. ನನ್ನದೂ ಅಷ್ಟೇ. ಊಟವಾದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದೆವು.

ಒಳಗಿನಿಂದ ಶಶಿ ಕೂಗಿದಳು. "ಅಪ್ಪ, ಈ ಅಕ್ಕನಿಗೆ ಚಾಕು ಅಂದ್ರೆ ಹುಚ್ಚು, ಗೊತ್ತುಂಟಾ?"

ಅಂಕಲ್ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಎಣ್ಣೆ ಕುಡಿದ ಒಂದು ಬಟ್ಟೆ, ಅದರೊಳಗೆ ಚಾಕು.

"ಇವಳ ಅಮ್ಮಂದು. ಮೆಣಸಿನ ಬಳ್ಳಿಗೂ ಇದೇ, ಅಡಿಕೆಗೂ ಇದೇ. ತೋಟಕ್ಕೆ ಹೋಗುವಾಗ ಸೊಂಟದಲ್ಲೇ ಇರ್ತಿತ್ತು."

ಶಶಿಯ ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ಅಂಕಲ್ ಚಾಕುವನ್ನು ನನ್ನ ಮುಂದಿನ ಟೀಪಾಯಿಯ ಮೇಲೆ ಇಟ್ಟರು. ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಯಾರೂ ಕೊಡುವುದಿಲ್ಲವಲ್ಲ, ಜಗಳ ಬರುತ್ತದೆ ಅಂತ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಮನೆಯಲ್ಲಿ ಯಾವ ಭಾಷೆ ಆಡುವವರೂ ಇದೊಂದನ್ನು ಮಾತ್ರ ತಪ್ಪಿಸುವುದಿಲ್ಲ.

ನಾನು ಎತ್ತಿಕೊಂಡು ಬಿಚ್ಚಿದೆ. ಮಸೆದು ಮಸೆದು ಅಲಗು ಅರ್ಧ ಸವೆದಿದೆ. ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗ ಮಾತ್ರ ನುಣುಪು. ನನ್ನ ಬೆರಳಿಗೆ ಅದು ಸರಿಯಾಗಿ ಹೊಂದಲಿಲ್ಲ.

ನೋಡಿ ಕೆಳಗಿಟ್ಟೆ. ಅಂಕಲ್ ಅದನ್ನು ಬಟ್ಟೆಯಿಂದ ಒರೆಸಿದರು. ಮಡಚಿದರು. ಮತ್ತೆ ನನ್ನ ಮುಂದೆಯೇ ಇಟ್ಟರು.

"ಇಲ್ಲಿ ಸುಮ್ಮನೆ ತುಕ್ಕು ಹಿಡೀತದೆ" ಅಂದರು.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ನಮ್ಮ ಮನೆಯಲ್ಲಿ ಅಪ್ಪನ ಒಂದು ಕ್ರಮವಿತ್ತು. ಬಳಸಿ ವಾಪಸ್ ಕೊಡಬೇಕಾದ ಚಾಕುವನ್ನು ಬಿಚ್ಚಿಡುತ್ತಿದ್ದರು. ಇನ್ನು ನಿನ್ನದೇ ಅನ್ನುವುದನ್ನು ಮಡಚಿಡುತ್ತಿದ್ದರು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅದಕ್ಕೇ ನಾನು, "ನೋಡ್ಕೊಳ್ತೇನೆ ಅಂಕಲ್" ಅಂದು ಅದನ್ನು ಬ್ಯಾಗಿಗೆ ಹಾಕಿಕೊಂಡೆ. ಅವರ ಎದುರಿಗೇ.

ಅವರು ತಲೆಯಾಡಿಸಿದ ಹಾಗೆ ಕಂಡಿತು. ಖಚಿತವಾಗಿ ಹೇಳಲಾರೆ. "ಬಸ್ಸಿನ ಹೊತ್ತಾಯ್ತು" ಅಂದರು, ಅಷ್ಟೇ.

ಮಂಗಳವಾರ ಟೀ ಹೊತ್ತಿನಲ್ಲಿ ಶಶಿ ನನ್ನ ಟೇಬಲ್ ಹತ್ತಿರ ಬಂದಳು.

"ಅಕ್ಕ, ಅಮ್ಮನ ಚಾಕು ನಿಮ್ಮ ಹತ್ರ ಉಂಟಾ?"

"ಅಂಕಲ್ ಕೊಟ್ರಲ್ಲ."

"ಅಪ್ಪ ಕೊಟ್ರಾ?" ಅವಳು ನಗಲು ಹೋಗಿ ನಿಲ್ಲಿಸಿದಳು. "ನನಗೇ ಮುಟ್ಲಿಕ್ಕೆ ಬಿಡ್ತಿರಲಿಲ್ಲ ಮಾರಾಯ್ರೆ."

ಮಡಚಿಟ್ಟಿದ್ದನ್ನು ಹೇಳಿದೆ. ಅವಳಿಗೆ ಅರ್ಥವೇ ಆಗಲಿಲ್ಲ. "ನಮ್ಮಲ್ಲಿ ಯಾವಾಗ್ಲೂ ಮಡಚೇ ಇಡೋದು. ಬಿಚ್ಚಿಟ್ರೆ ಅಮ್ಮ ಬೈತಿದ್ರು."

ಆಮೇಲೆ ಇನ್ನೊಂದು ಮಾತು ಹೇಳಿದಳು. ಆ ಎಣ್ಣೆಬಟ್ಟೆ ಇನ್ನೂ ಟೀಪಾಯಿಯ ಮೇಲೇ ಇದೆಯಂತೆ. ತೆಗೆಯಲು ಹೋದರೆ ಅಂಕಲ್, "ಇರಲಿ ಬಿಡು" ಅನ್ನುತ್ತಾರಂತೆ.

ಕೊಡುವವರು ಬಟ್ಟೆಯನ್ನೂ ಕೊಡುತ್ತಿರಲಿಲ್ಲವೆ?

ಅಪ್ಪನನ್ನು ಕೇಳು ಅಂತ ಶಶಿಗೆ ನಾನೇ ಹೇಳಿದೆ. ನಿನ್ನೆ ಉತ್ತರ ತಂದಳು. "ಕೊಟ್ರಾ ಅಂತ ನೇರವಾಗೇ ಕೇಳಿದೆ ಅಕ್ಕ. 'ಅವಳು ಚೆನ್ನಾಗಿ ನೋಡ್ಕೊಳ್ತಾಳೆ' ಅಂದ್ರು. ಅಷ್ಟು ಹೇಳಿ ಎದ್ದು ತೋಟಕ್ಕೆ ಹೋದ್ರು."

ಇದು ಕೊಟ್ಟವರ ಮಾತೋ, ಮನೆಗೆ ಬಂದವಳಿಗೆ ಬೇಡ ಅನ್ನಲಾಗದೆ ಸಮಾಧಾನ ಮಾಡಿಕೊಂಡವರ ಮಾತೋ?

ಕೊಟ್ಟದ್ದಾಗಿದ್ದರೆ, ವಾಪಸ್ ಮಾಡಿದರೆ ನಿಮ್ಮ ಹೆಂಡತಿಯ ವಸ್ತು ನನಗೆ ಬೇಡ ಅಂದ ಹಾಗಾಗುತ್ತದೆ. ಕೊಟ್ಟದ್ದಲ್ಲದಿದ್ದರೆ, ಅವರ ಕಣ್ಣೆದುರಿಗೇ ನಾನು ಅದನ್ನು ಕದ್ದಿದ್ದೇನೆ.

ಅನುವಾದ ಓದುವಾಗ ಎಷ್ಟೋ ಸಲ ಒಂದು ವಾಕ್ಯದ ಮೇಲೆ ಅನುಮಾನ ಬರುತ್ತದೆ, ಮೂಲದಲ್ಲಿ ಹೀಗಿತ್ತೋ ಇಲ್ಲವೋ ಅಂತ. ಮೂಲದ ಭಾಷೆ ಬಾರದು, ಪುಟ ತಿರುಗಿಸುತ್ತೇನೆ. ಇಲ್ಲಿ ಮೂಲ ಸುಂಟಿಕೊಪ್ಪದ ಜಗಲಿಯಲ್ಲೇ ಕೂತಿದೆ, ನನಗೆ ಬರುವ ಭಾಷೆಯನ್ನೇ ಆಡುತ್ತದೆ. ಆದರೂ...

ಚಾಕು ಈಗ ನನ್ನ ಮೇಜಿನ ಮೇಲಿದೆ, ಒಂದು ಪೇಪರಿನ ಮೇಲೆ. ನನ್ನ ಚಾಕುಗಳಿಗೆಲ್ಲ ಹಳೆಯ ಸೀರೆಯ ಚೂರುಗಳಿವೆ, ಎಣ್ಣೆ ಹಚ್ಚಿ ಸುತ್ತಿಡುತ್ತೇನೆ. ಇದನ್ನು ಸುತ್ತಲು ಕೈ ಬರುತ್ತಿಲ್ಲ. ಸುತ್ತಿದರೆ ನನ್ನದಾಗಿಬಿಡುತ್ತದೆ.

ಹೊರಗೆ ಮಳೆ ಬಿಟ್ಟಿಲ್ಲ, ಗೋಡೆಯೂ ಬೆವರುತ್ತಿದೆ. ಇವತ್ತು ಬೆಳಿಗ್ಗೆ ಅಲಗಿನ ಬುಡದಲ್ಲಿ ಒಂದು ಕಂದು ಚುಕ್ಕೆ ಕಂಡಿತು. ನೋಡಿಕೊಳ್ಳುತ್ತೇನೆ ಅಂದವಳು ನಾನೇ. ಚುಕ್ಕೆಯನ್ನು ಉಜ್ಜಿ ತೆಗೆದು, ಒಂದು ತೊಟ್ಟು ಎಣ್ಣೆ ಹಾಕಿ, ಮತ್ತೆ ಪೇಪರಿನ ಮೇಲೇ ಇಟ್ಟೆ. ಇಡುವಾಗಲೂ ಗೊಂದಲ, ಮಡಚಿಡಲೋ ಬಿಚ್ಚಿಡಲೋ.

ಭಾನುವಾರ ಸುಂಟಿಕೊಪ್ಪಕ್ಕೆ ಹೋಗುತ್ತೇನೆ. ಶಶಿಗೆ ಇನ್ನೂ ಹೇಳಿಲ್ಲ.

ಟೀಪಾಯಿಯ ಮೇಲೆ ಸುಮ್ಮನೆ ಇಟ್ಟು ನೋಡೋಣ ಅಂತ ಮೊದಲು ಅಂದುಕೊಂಡಿದ್ದೆ. ಬೇಡ. ನಾನು ಇಡುತ್ತೇನೆ, ಅವರು ಸುಮ್ಮನಿರುತ್ತಾರೆ, ಬಸ್ಸು ಬರುತ್ತದೆ.

ಈ ಸಲ ಮೊದಲು ಬಾಯಿಬಿಟ್ಟು ಕೇಳುತ್ತೇನೆ, ಆಮೇಲೆ ಬ್ಯಾಗಿನ ಜಿಪ್ ತೆಗೆಯುತ್ತೇನೆ.